ಕರಾವಳಿ ಬಿಸಿಲಲ್ಲಿ ಸೋಲಾರ್ ಓವನ್ ಅಡುಗೆ: ಪೆಟ್ಟಿಗೆ ಮಾಡೋದ್ರಿಂದ ತವಸಳಿ (ಸೌತೆಕಾಯಿ ಕೇಕ್) ಬೇಯಿಸೋ ತನಕ

ಕಾರವಾರ, ಅಂಕೋಲಾ, ಕುಮಟಾ ಕಡೆ ಸೋಲಾರ್ ಓವನ್ ಮಾತು ತೆಗೆದ್ರೆ ಮೊದಲು ಬರೋ ಉತ್ತರ, ನಮ್ಮಲ್ಲಿ ಮಳೆ ಜಾಸ್ತಿ ಮಾರಾಯ್ರೆ, ಅದೆಲ್ಲ ವಿಜಾಪುರ ರಾಯಚೂರು ಕಡೆಯವ್ರಿಗೆ ಸರಿ ಅಂತ. ಜೂನಿಂದ ಸೆಪ್ಟೆಂಬರ್ ತನಕ ಆ ಮಾತು ಒಪ್ಪಲೇಬೇಕು. ಆದ್ರೆ ದೀಪಾವಳಿ ಕಳೆದ ಮೇಲೆ ಮೇ ತಿಂಗಳ ತನಕ ನಮ್ಮ ಅಂಗಳಕ್ಕೆ ಬೀಳೋ ಬಿಸಿಲು ಅನ್ನ, ಬೇಳೆ, ಪಲ್ಯ, ಮೀನುಸಾರು ಎಲ್ಲದಕ್ಕೂ ಧಾರಾಳ ಸಾಕು. ಅದೇ ಬಿಸಿಲಲ್ಲೇ ಅಲ್ವಾ ನಾವು ಹಪ್ಪಳ, ಅಡಿಕೆ, ಮುರುಗಲು ಸಿಪ್ಪೆ, ಒಣಮೀನು ಎಲ್ಲ ಒಣಗಿಸೋದು. ಇಲ್ಲಿ ಓವನ್ನಿಗೆ ತೊಂದರೆ ಕೊಡೋದು ತೇವ. ಗಾಳಿಯಲ್ಲಿರೋ ತೇವ, ಕಡಲ ಉಪ್ಪು, ಪೆಟ್ಟಿಗೆ ಒಳಗೆ ಸೇರ್ಕೊಳ್ಳೋ ಪಸೆ. ಒಣ ನಾಡಿಗೆ ಅಂತ ಬರೆದ ಸೂಚನೆಗಳನ್ನ ಹಾಗೇ ಇಲ್ಲಿ ಮಾಡಿದ್ರೆ ಮೊದಲ ವರ್ಷ ಚಂದ ಬೇಯ್ತದೆ, ಎರಡನೇ ವರ್ಷ ಅನ್ನ ಅರೆಬೆಂದು ಕೂತಿರ್ತದೆ, ಆಮೇಲೆ ಪೆಟ್ಟಿಗೆ ಕೊಟ್ಟಿಗೆ ಮೂಲೆ ಸೇರ್ತದೆ. ಹಾಗಾಗಬಾರದು ಅಂತಲೇ ಇದನ್ನ ಇಷ್ಟು ಉದ್ದಕ್ಕೆ ಬರೀತಿದ್ದೇನೆ.

ಸೋಲಾರ್ ಓವನ್ ಅಂದ್ರೆ ನಾನು ಹೇಳ್ತಿರೋದು ಪೆಟ್ಟಿಗೆ ನಮೂನೆದು. ಒಳಗೆ ಕಪ್ಪು ಬಣ್ಣದ ಟ್ರೇ, ಸುತ್ತ ಬಿಸಿ ಹೊರಗೆ ಹೋಗದ ಹಾಗೆ ದಪ್ಪ ಪದರ, ಮೇಲೆ ಎರಡು ಗ್ಲಾಸಿನ ಮುಚ್ಚಳ, ಅದಕ್ಕೊಂದು ಕನ್ನಡಿ. ಬೆಳಕು ಗ್ಲಾಸ್ ದಾಟಿ ಒಳಗೆ ಹೋಗ್ತದೆ, ಕಪ್ಪು ಮೇಲ್ಮೈ ಅದನ್ನ ಹೀರಿ ಬಿಸಿಯಾಗ್ತದೆ, ಆ ಬಿಸಿ ವಾಪಸ್ ಹೊರಗೆ ಬರೋಕೆ ಗ್ಲಾಸ್ ಬಿಡೋದಿಲ್ಲ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 1767ರಲ್ಲೇ ಗ್ಲಾಸ್ ಮುಚ್ಚಿದ ಪೆಟ್ಟಿಗೆಯಲ್ಲಿ ಹೀಗೆ ಬಿಸಿ ಹಿಡಿಯೋ ಪ್ರಯೋಗ ಶುರು ಮಾಡಿ, ಮುಂದೆ ನೀರು ಕುದಿಯೋ ಬಿಸಿಗಿಂತ ಮೇಲೆ ಹೋಗಿದ್ದ, ಆಮೇಲೆ ಬಂದಿದ್ದೆಲ್ಲ ಅದರದ್ದೇ ಸುಧಾರಣೆ. ಡಿಶ್ ಥರದ್ದು, ಅಂದ್ರೆ ಪ್ಯಾರಾಬೋಲಿಕ್ ಕುಕ್ಕರ್, ಬೇಗ ಬೇಯಿಸ್ತದೆ, ಒಗ್ಗರಣೆ ಕೂಡ ಹಾಕಬಹುದು, ಆದ್ರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ತಿರುಗಿಸ್ತಾ ಇರಬೇಕು, ಬೆಳಕು ಒಂದೇ ಕಡೆ ಕೂಡೋದ್ರಿಂದ ಕಣ್ಣಿಗೂ ಕೈಗೂ ಅಪಾಯ, ಮಧ್ಯಾಹ್ನದ ಮೇಲೆ ಬೀಸೋ ಕಡಲ ಗಾಳಿಗೆ ಹಿಡಿದು ನಿಲ್ಲಿಸೋದೂ ಕಷ್ಟ. ಮನೆಗೆ ಪೆಟ್ಟಿಗೆಯೇ ಒಳ್ಳೆಯದು, ಅದರಲ್ಲಿ ಸೀಯೋದು ಅಪರೂಪ, ಇಟ್ಟು ಬೇರೆ ಕೆಲಸಕ್ಕೆ ಹೋಗಬಹುದು.

ಶಕ್ತಿ ಎಷ್ಟು ಅನ್ನೋದು ಮೊದಲೇ ತಿಳ್ಕೊಳ್ಳಿ, ಇಲ್ಲಾಂದ್ರೆ ಬೇಸರ ಬರ್ತದೆ. ನಡು ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 900 ವ್ಯಾಟ್ ಬಿಸಿಲು ಬೀಳ್ತದೆ. 50 ಸೆಂ.ಮೀ.ಗೆ 40 ಸೆಂ.ಮೀ. ಗ್ಲಾಸ್ ಅಂದ್ರೆ 180 ವ್ಯಾಟ್, ಕನ್ನಡಿಯಿಂದ ಇನ್ನೊಂದಿಷ್ಟು ಸೇರ್ತದೆ, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಸೋರಿಹೋಗ್ತದೆ. ಪಾತ್ರೆಗೆ ಸಿಗೋದು 100 ವ್ಯಾಟ್ ಆಸುಪಾಸು. ಒಂದು ಲೀಟರ್ ನೀರು ಕುದಿ ಹತ್ತಿರ ಬರೋಕೆ ಮುಕ್ಕಾಲು ಗಂಟೆ ಮೇಲೆ ಬೇಕು, ಗ್ಯಾಸಿನ ಸಣ್ಣ ಬರ್ನರಿಗಿಂತಲೂ ಎಷ್ಟೋ ನಿಧಾನ. ಆದ್ರೆ ಬೇಯೋಕೆ ಕುದಿಯಲೇಬೇಕು ಅಂತಿಲ್ಲ, ಅಕ್ಕಿಯ ಪಿಷ್ಟ 80 ಡಿಗ್ರಿ ಒಳಗೇ ಬೆಂದು ಮೆತ್ತಗಾಗ್ತದೆ. ಒಳ್ಳೆ ಪೆಟ್ಟಿಗೆ ಖಾಲಿ ಇದ್ದಾಗ 120 ದಾಟ್ತದೆ, ಪಾತ್ರೆ ಇಟ್ಟಾಗ 90ರಿಂದ 100ರಲ್ಲಿ ನಿಲ್ತದೆ, ಅಷ್ಟು ಸಾಕು.

ಜಾಗ ಮತ್ತೆ ಹೊತ್ತು

ಹಪ್ಪಳ ಎಲ್ಲಿ ಒಣಗಿಸ್ತೀರೋ ಅಲ್ಲೇ ಓವನ್ ಇಡಿ. ಮನೆಯ ಹಿರಿಯರಿಗೆ ಆ ಜಾಗ ಗೊತ್ತೇ ಇರ್ತದೆ, ಅಮ್ಮನನ್ನೋ ಅತ್ತೆಯನ್ನೋ ಕೇಳಿ. ಶಿರಸಿ ಸಿದ್ದಾಪುರ ಕಡೆ ತೋಟದ ನೆರಳು ಮನೆ ಮೇಲೇ ಬೀಳೋದ್ರಿಂದ ಅಡಿಕೆ ಒಣಗಿಸೋ ಅಂಗಳ ಬಿಟ್ರೆ ತಾರಸಿಯೇ ಗತಿ, ನವೆಂಬರ್ ಮೇಲೆ ಅಂಗಳ ತುಂಬ ಅಡಿಕೆ ಹರಡಿರ್ತದೆ ಅಂತ ಮೊದಲೇ ಒಂದು ಮೂಲೆ ಇಟ್ಕೊಳ್ಳಿ.

ಗಡಿಯಾರ ನಂಬಬೇಡಿ. ನಾವು ದೇಶದ ಪಶ್ಚಿಮ ಅಂಚಲ್ಲಿರೋದ್ರಿಂದ ಕಾರವಾರದಲ್ಲಿ ಸೂರ್ಯ ತುಂಬಾ ಮೇಲೆ ಬರೋದು ಗಡಿಯಾರದ 12ಕ್ಕಲ್ಲ. ನವೆಂಬರ್ ಮೊದಲ ವಾರ ಸುಮಾರು 12:17ಕ್ಕೆ, ಫೆಬ್ರವರಿಯಲ್ಲಿ 12:47ರ ಹೊತ್ತಿಗೆ. ಅದಕ್ಕಿಂತ ಸುಲಭದ ಲೆಕ್ಕ ನಿಮ್ಮ ನೆರಳು: ನೆರಳು ನಿಮಗಿಂತ ಗಿಡ್ಡ ಇದ್ರೆ ಬೇಯಿಸೋ ಹೊತ್ತು, ಉದ್ದ ಇದ್ರೆ ಇಲ್ಲ. ಡಿಸೆಂಬರಲ್ಲಿ ಆ ಹೊತ್ತು 11ರಿಂದ 2ರ ತನಕ ಮಾತ್ರ. ಮಾರ್ಚ್ ಕೊನೆಗೆ ಬೆಳಿಗ್ಗೆ 10ರಿಂದ ಮೂರೂವರೆ ತನಕ ಸಿಗ್ತದೆ, ಅಂದ್ರೆ ಎರಡು ಸಲ ಬೇಯಿಸಬಹುದು.

ಕಡಲ ಗಾಳಿ ಬಗ್ಗೆ ಒಂದು ಮಾತು. ಹೊತ್ತೇರಿದ ಮೇಲೆ ಪಡುವಣದಿಂದ ಗಾಳಿ ಶುರುವಾಗ್ತದೆ, ಮಧ್ಯಾಹ್ನ ಜೋರು. ಆ ಗಾಳಿ ಗ್ಲಾಸ್ ಮೇಲಿಂದ ಬಿಸಿ ಕದ್ದುಕೊಂಡು ಹೋಗ್ತದೆ, ಕನ್ನಡಿಯನ್ನ ದೋಣಿಯ ಹಾಯಿ ಹಾಗೆ ಹಿಡಿದು ತಳ್ತದೆ. ಪೆಟ್ಟಿಗೆಯ ಪಶ್ಚಿಮಕ್ಕೆ ಮೊಣಕಾಲೆತ್ತರದ ಕಟ್ಟೆಯೋ ಗೋಡೆಯೋ ಇದ್ರೆ ತುಂಬಾ ಅನುಕೂಲ, ಎತ್ತರದ ಗೋಡೆ ಆದ್ರೆ ಎರಡೂವರೆಗೇ ನೆರಳು ಬರ್ತದೆ. ಸಮುದ್ರದ ಪಕ್ಕ ಮನೆ ಇರೋರು ಗಾಳಿ ಜೋರಾಗೋ ಮೊದಲೇ ಮುಖ್ಯ ಬೇಯೋ ಕೆಲಸ ಮುಗಿಯೋ ಹಾಗೆ ಹೊಂದಿಸ್ಕೊಳ್ಳಿ. ಶಿರಸಿ ಕಡೆ ಈ ಕಾಟ ಕಡಿಮೆ, ಆದ್ರೆ ಅಲ್ಲಿ ಚಳಿಗಾಲದ ಬೆಳಿಗ್ಗೆ ಮಂಜು, ಏಪ್ರಿಲ್ ಮೇ ಸಂಜೆ ಮಳೆಮೋಡ, ಹಾಗಾಗಿ ಮಧ್ಯಾಹ್ನದ ಊಟಕ್ಕೆ ಮಾತ್ರ ನೆಚ್ಚಿಕೊಳ್ಳಿ.

ಪೆಟ್ಟಿಗೆ ಮಾಡೋದು

ಅಂಗಡಿಯಿಂದ ತರೋದಾದ್ರೆ ಐಎಸ್ 13429 ಅನ್ನೋ ಐಎಸ್‌ಐ ಗುರುತು ನೋಡಿ, ಅದು ಪೆಟ್ಟಿಗೆ ನಮೂನೆಯ ಸೋಲಾರ್ ಕುಕ್ಕರಿಗೇ ಇರೋ ಮಾನದಂಡ. ನೀವೇ ಮಾಡೋದಾದ್ರೆ ಒಬ್ಬ ಬಡಗಿ, ಒಂದು ಗ್ಲಾಸ್ ಅಂಗಡಿ, ತಗಡಿನ ಕೆಲಸದವರು, ಇಷ್ಟು ಸಾಕು.

ಒಳಗಿನ ಟ್ರೇ 50 ಸೆಂ.ಮೀ. ಉದ್ದ, 40 ಅಗಲ, 12ರಿಂದ 15 ಆಳ. ಆಳ ಜಾಸ್ತಿ ಮಾಡಿದ್ರೆ ಗೋಡೆಯ ನೆರಳೇ ಪಾತ್ರೆ ಮೇಲೆ ಬೀಳ್ತದೆ. ಟ್ರೇಗೆ ಅಲ್ಯುಮಿನಿಯಂ ಶೀಟ್ ಹಾಕಿಸಿ, ತಗಡು ಅಗ್ಗ ಹೌದು ಆದ್ರೆ ನಮ್ಮ ಉಪ್ಪು ಗಾಳಿಗೆ ಮೂಲೆಯಿಂದ ತುಕ್ಕು ಶುರುವಾಗ್ತದೆ. ಹೊರಪೆಟ್ಟಿಗೆ ಟ್ರೇಗಿಂತ ಎಲ್ಲಾ ಕಡೆ 6-7 ಸೆಂ.ಮೀ. ದೊಡ್ಡದಿರಲಿ, ಪ್ಲೈವುಡ್ ಆದ್ರೆ ನೀರು ತಡೆಯೋ ನಮೂನೆದೇ ತಗೊಳ್ಳಿ. ಬೈತಖೋಲ, ತದಡಿ ಕಡೆ ಬೋಟ್ ಕೆಲಸ ಮಾಡೋರ ಹತ್ತಿರ ಕೇಳಿದ್ರೆ ಒಳ್ಳೆ ಪ್ಲೈವುಡ್ಡು, ಸ್ಟೀಲ್ ಸ್ಕ್ರೂ, ಹಿತ್ತಾಳೆ ತಿರುಗಣಿ ಎಲ್ಲಿ ಸಿಗ್ತದೆ ಅಂತ ಹೇಳ್ತಾರೆ, ಉಪ್ಪಿಗೆ ಏನು ತಡೀತದೆ ಅನ್ನೋದು ಅವರಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಕಬ್ಬಿಣದ ಮೊಳೆ ಮಾತ್ರ ಬೇಡ.

ನಡುವಿನ ಸಂದಿಗೆ ಭತ್ತದ ಉಮಿ ತುಂಬಿ. ಅಕ್ಕಿ ಮಿಲ್ಲಲ್ಲಿ ಚೀಲಗಟ್ಟಲೆ ಸಿಗ್ತದೆ, ಬಿಸಿ ತಡೆಯೋದ್ರಲ್ಲಿ ತುಂಬಾ ಒಳ್ಳೇದು. ಆದ್ರೆ ಇಡೀ ಕೆಲಸದಲ್ಲಿ ಯಾರೂ ತಲೆ ಕೆಡಿಸ್ಕೊಳ್ಳದೇ ಬಿಡೋದು ಇದೇ ಜಾಗದಲ್ಲಿ: ಉಮಿ ಒಣಗಿರಬೇಕು, ಅಂದ್ರೆ ನಿಜವಾಗಿ ಒಣಗಿರಬೇಕು. ತೇವ ಇರೋ ಉಮಿ ಬಿಸಿಯನ್ನ ಹಿಡಿಯೋ ಬದಲು ಸಾಗಿಸ್ತದೆ, ಒಳಗೆ ಬಿಸಿಯಾದಾಗ ಅದರ ಪಸೆ ಆವಿಯಾಗಿ ಗ್ಲಾಸಿಗೆ ಅಂಟ್ತದೆ, ಆಮೇಲೆ ಬೂಸ್ಟು ವಾಸನೆ ಅನ್ನಕ್ಕೂ ಬರ್ತದೆ. ಜನವರಿ ಫೆಬ್ರವರಿಯಲ್ಲಿ ಎರಡು ಮೂರು ದಿನ ಕಂಬಳಿ ಮೇಲೆ ತೆಳುವಾಗಿ ಹರಡಿ ಒಣಗಿಸಿ, ಸಂಜೆ ಇಬ್ಬನಿ ಬೀಳೋ ಮೊದಲು ಒಳಗೆ ತಂದು, ಕೊನೇ ದಿನ ಬಿಸಿಬಿಸಿ ಇರೋವಾಗಲೇ ತುಂಬಿ ಮೇಲಂಚನ್ನ ಮರದ ಪಟ್ಟಿ ಮತ್ತು ಸಿಲಿಕೋನ್ ಹಾಕಿ ಮುಚ್ಚಿಬಿಡಿ. ಗಟ್ಟಿಯಾಗಿ ಅದುಮಬೇಡಿ, ನಡುವೆ ಗಾಳಿ ಇದ್ರೇನೇ ಬಿಸಿ ನಿಲ್ಲೋದು. ಒಣ ತೆಂಗಿನ ನಾರೂ ಆಗ್ತದೆ. ಥರ್ಮೋಕೋಲ್ ಟ್ರೇಗೆ ತಾಗೋ ಹಾಗೆ ಇಡಬೇಡಿ, ಆ ಬಿಸಿಗೆ ಕುಗ್ಗಿ ಕರಗ್ತದೆ, ವಾಸನೆಯೂ ಬರ್ತದೆ. ಗ್ಲಾಸ್ ವುಲ್ ಹಾಕೋದಾದ್ರೆ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಮುಚ್ಚಳಕ್ಕೆ 4 ಎಂಎಂ ಸಾದಾ ಗ್ಲಾಸ್ ಎರಡು, ನಡುವೆ ಒಂದು ಒಂದೂವರೆ ಸೆಂ.ಮೀ. ಜಾಗ, ಅಂಚು ಉಜ್ಜಿಸಿಕೊಂಡು ಬನ್ನಿ. ಎರಡು ಗ್ಲಾಸಿನ ನಡುವೆ ಹನಿ ಕಟ್ಟಿದ್ರೆ ಆಮೇಲೆ ಒರೆಸೋಕೂ ಆಗೋದಿಲ್ಲ, ಹಾಗಾಗಿ ಇದನ್ನೂ ಒಣ ದಿನ ಮಧ್ಯಾಹ್ನ, ಗ್ಲಾಸನ್ನ ಬಿಸಿಲಲ್ಲಿಟ್ಟು ಬೆಚ್ಚಗಾದ ಮೇಲೆ ಅಂಟಿಸಿ, ಚಪ್ಪಲಿ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಮೂಲೆಯಲ್ಲಿ ಇಡಿ. ಒಂದು ಬದಿ ಪಿನ್ ಹೋಗುವಷ್ಟು ತೂತು ಬಿಡಿ, ಬಿಸಿಯಾದ ಗಾಳಿ ಹಿಗ್ಗಿದಾಗ ಹೊರಗೆ ಹೋಗೋಕೆ ದಾರಿ ಬೇಕಲ್ಲ. ಮುಚ್ಚಳ ಕೂರೋ ಜಾಗಕ್ಕೆ ಸುತ್ತ ರಬ್ಬರ್ ಬೀಡಿಂಗ್ ಹಾಕಿ. ಸಂಜೆ ಕತ್ತಲಾದ ಮೇಲೆ ಪೆಟ್ಟಿಗೆ ಒಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಿ ನೋಡಿ, ಬೀಡಿಂಗ್ ಹತ್ತಿರ ಎಲ್ಲಿ ಬೆಳಕು ಕಾಣ್ತದೋ ಅಲ್ಲಿ ಬಿಸಿಯೂ ಸೋರ್ತದೆ.

ಟ್ರೇಗೆ ಹೊಳಪಿಲ್ಲದ ಕಪ್ಪು ಬಣ್ಣ, ಶಾಲೆ ಬೋರ್ಡಿಗೆ ಹಚ್ಚೋ ಬಣ್ಣವೇ ಆಗ್ತದೆ. ಹಚ್ಚಿ ಒಣಗಿದ ಮೇಲೆ ಎರಡು ಮೂರು ದಿನ ಪೂರ್ತಿ ಬಿಸಿಲಲ್ಲಿ ಖಾಲಿ ಕಾಯಿಸಿ, ನಡುನಡುವೆ ಮುಚ್ಚಳ ತೆಗೆದು ಹೊಗೆ ವಾಸನೆ ಬಿಡಿಸಿ. ವಾಸನೆ ಪೂರ್ತಿ ಹೋಗೋ ತನಕ ಅಡುಗೆ ಇಡಲೇಬೇಡಿ. ಪಾತ್ರೆಗಳು ತೆಳು, ಅಗಲ, ಗಿಡ್ಡ, ಮುಚ್ಚಳ ಬಿಗಿಯಾಗಿ ಕೂರೋ ಥರದ್ದು, ಹೊರಗಡೆ ಮತ್ತೆ ಮುಚ್ಚಳದ ಮೇಲ್ಗಡೆ ಮಾತ್ರ ಕಪ್ಪು. ಫಳಫಳ ಹೊಳೆಯೋ ಸ್ಟೀಲ್ ಪಾತ್ರೆ ಹಾಗೇ ಇಟ್ರೆ ಬೆಳಕನ್ನ ವಾಪಸ್ ಕಳಿಸ್ತದೆ. ಹುಳಿ ಪದಾರ್ಥಕ್ಕೆ ಅಲ್ಯುಮಿನಿಯಂ ಬೇಡ, ಒಳಗೆ ಸ್ಟೀಲೇ ಇರಲಿ.

ಕನ್ನಡಿ ನಿಲ್ಲಿಸೋದು

ಕನ್ನಡಿ ಗ್ಲಾಸಿನಷ್ಟೇ ಅಳತೆ ಇರಲಿ, ಉದ್ದದ ಬದಿಗೆ ತಿರುಗಣಿ ಹಾಕಿ. ಪೆಟ್ಟಿಗೆ ಉದ್ದ ಪೂರ್ವ-ಪಶ್ಚಿಮ ಇರೋ ಹಾಗೆ, ಕನ್ನಡಿ ಉತ್ತರದ ಬದಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಲಿ. ಹೀಗಿಟ್ರೆ ಪದೇ ಪದೇ ತಿರುಗಿಸೋ ಕೆಲಸ ಕಡಿಮೆ.

ಎಷ್ಟು ವಾಲಿಸಬೇಕು ಅನ್ನೋದು ತಿಂಗಳಿಂದ ತಿಂಗಳಿಗೆ ಬದಲಾಗ್ತದೆ. ಡಿಸೆಂಬರಲ್ಲಿ ನಮ್ಮ ಕಡೆ ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 52 ಡಿಗ್ರಿ ಎತ್ತರದಲ್ಲಿರ್ತಾನೆ, ಆಗ ಕನ್ನಡಿ ಹೆಚ್ಚುಕಮ್ಮಿ ನೆಟ್ಟಗೆ, ಗ್ಲಾಸಿಂದ 95 ಡಿಗ್ರಿ. ಏಪ್ರಿಲ್ ಕೊನೆಗೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಆಗ ಕನ್ನಡಿ ಹಿಂದಕ್ಕೆ ವಾಲಿ 120 ಡಿಗ್ರಿ. ಅಳೆಯೋ ಸಾಧನ ಇಲ್ದಿದ್ರೆ, ಕನ್ನಡಿಯ ಬೆಳಕಿನ ಚೌಕ ಗ್ಲಾಸ್ ಪೂರ್ತಿ ತುಂಬಿ ಅಂಚಿನಾಚೆ ಹೋಗದ ಹಾಗೆ ನಿಲ್ಲಿಸಿ, ಅಷ್ಟೇ. ದಾರ ಕಟ್ಟಿ ಬಿಗಿ ಮಾಡಿ, ಗಾಳಿ ಇರೋ ಕಡೆ ಪೆಟ್ಟಿಗೆ ಬುಡಕ್ಕೆ ಕಲ್ಲಿಡಿ. ಮನೆಯಲ್ಲಿದ್ರೆ ಗಂಟೆಗೊಮ್ಮೆ ಸೂರ್ಯನ ಕಡೆ ಸ್ವಲ್ಪ ತಿರುಗಿಸಿ, ಒಂಬತ್ತಕ್ಕೇ ಕೆಲಸಕ್ಕೆ ಹೋಗೋರು ಹನ್ನೆರಡೂವರೆಯ ಸೂರ್ಯನಿಗೆ ಮುಖ ಮಾಡಿ ಇಟ್ಟು ಹೋದ್ರೆ ಊಟದ ಹೊತ್ತಿಗೆ ಬೆಂದಿರ್ತದೆ. ಕನ್ನಡಿಯ ಹೊಳಪನ್ನ ನೇರ ನೋಡಬೇಡಿ, ಮಕ್ಕಳಿಗೂ ಹೇಳಿಡಿ. ಬಳಸದೇ ಇರೋವಾಗ ಕನ್ನಡಿ ಮಡಚಿ ಮುಚ್ಚಿಡಿ.

ಬೇಯಿಸೋ ಕ್ರಮ

ಕೆಲಸ ಶುರುವಾಗೋದು ಹಿಂದಿನ ರಾತ್ರಿ, ನೆನೆಸೋದ್ರಿಂದ. ಬೆಳಿಗ್ಗೆ ಗ್ಲಾಸ್ ಮೇಲಿನ ಇಬ್ಬನಿ ಮತ್ತೆ ಉಪ್ಪಿನ ಮಬ್ಬು ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆ. ಕಡಲ ಹತ್ತಿರ ಇರೋರು ಇದನ್ನ ದಿನಾ ಮಾಡಬೇಕು, ಆ ಮಬ್ಬು ಕಣ್ಣಿಗೆ ಕಾಣೋದು ಕಡಿಮೆ, ಬೆಳಕು ತಿನ್ನೋದು ಜಾಸ್ತಿ. ಆಮೇಲೆ ಮುಚ್ಚಳ ಹತ್ತು ನಿಮಿಷ ಸ್ವಲ್ಪ ತೆರೆದಿಟ್ಟು ಒಳಗಿನ ರಾತ್ರಿ ಪಸೆ ಹೋಗೋಕೆ ಬಿಡಿ, ಮತ್ತೆ ಮುಚ್ಚಿ ಅರ್ಧ ಮುಕ್ಕಾಲು ಗಂಟೆ ಖಾಲಿ ಕಾಯಿಸಿ. ಈ ಹತ್ತು ನಿಮಿಷ ಬಿಟ್ಟುಬಿಟ್ರೆ ಒಳಗ್ಲಾಸಿಗೆ ಹನಿ ಕಟ್ಟಿ ಬೇಯೋಕೆ ಇನ್ನಷ್ಟು ಹೊತ್ತು ಹಿಡೀತದೆ.

ಪಾತ್ರೆ ಇಡೋವಾಗ ಎಲ್ಲ ಒಟ್ಟಿಗೆ ಒಂದೇ ಸಲ ಇಡಿ, ಆಮೇಲೆ ತೆಗೆದು ನೋಡೋ ಆಸೆ ಬಿಡಿ. ಒಂದು ಸಲ ಮುಚ್ಚಳ ಎತ್ತಿದ್ರೆ ಹೋದ ಬಿಸಿ ವಾಪಸ್ ಬರೋಕೆ ಹದಿನೈದು ಇಪ್ಪತ್ತು ನಿಮಿಷ. ಅನ್ನಕ್ಕೆ ಬಿಸಿನೀರು ಹಾಕಿದ್ರೆ ಅಷ್ಟು ಬೇಗ. ಒಂದು ದೊಡ್ಡ ಪಾತ್ರೆಗಿಂತ ಮೂರು ಸಣ್ಣದ್ರಲ್ಲಿ ಹಂಚಿದ್ರೆ ಬೇಗ ಬೇಯ್ತದೆ. ತೆಗೆಯೋವಾಗ ಮುಖ ಹಿಂದಿಟ್ಕೊಂಡು ಮುಚ್ಚಳ ಎತ್ತಿ, ಬಿಸಿ ಆವಿ ಒಮ್ಮೆಲೇ ಮುಖಕ್ಕೆ ಹೊಡೀತದೆ, ಕೈಗೆ ದಪ್ಪ ಬಟ್ಟೆ ಬೇಕೇ ಬೇಕು. ಬಿಸಿ ಗ್ಲಾಸಿಗೆ ತಣ್ಣೀರು ಹಾಕಬೇಡಿ, ಬಿರುಕು ಬಿಡ್ತದೆ.

ಈಗ ಹೊತ್ತಿನ ಲೆಕ್ಕ. ಫೆಬ್ರವರಿಯಿಂದ ಏಪ್ರಿಲ್ ತನಕ ಶುಭ್ರ ಬಿಸಿಲು, ನಾಲ್ಕು ಜನರ ಅಡುಗೆ ಅಂತ ಇಟ್ಕೊಳ್ಳಿ, ಡಿಸೆಂಬರಿಗೆ ಇದರ ಮೇಲೆ ಅರ್ಧ ಮುಕ್ಕಾಲು ಗಂಟೆ ಸೇರಿಸಿ. ಬೆಳ್ತಿಗೆ ಅಕ್ಕಿ ಅರ್ಧ ಗಂಟೆ ನೆನೆಸಿ ಒಂದಕ್ಕೆ ಎರಡು ನೀರು, ಒಂದೂವರೆ ಗಂಟೆ. ನೀರು ಆರೋದಿಲ್ಲ ಅನ್ನೋದು ನೆನಪಿರಲಿ, ಒಲೆ ಲೆಕ್ಕದಲ್ಲಿ ಹಾಕಿದ್ರೆ ಮುದ್ದೆಯಾಗ್ತದೆ. ಕುಚ್ಚಲಕ್ಕಿ ರಾತ್ರಿಯಿಡೀ ನೆನೆಸಿ ಒಂದಕ್ಕೆ ಎರಡೂವರೆ, ಮೂರು ಗಂಟೆ. ನಮ್ಮಲ್ಲಿ ಬಸಿದು ಮಾಡೋ ರೂಢಿ, ಇದರಲ್ಲಿ ಅಷ್ಟೊಂದು ನೀರು ಕಾಯಿಸೋಕೆ ಬಿಸಿಲು ಸಾಲದು, ಗಂಜಿಯೇ ಬೇಕಂದ್ರೆ ಒಂದಕ್ಕೆ ನಾಲ್ಕು ಹಾಕಿ ಮೂರೂವರೆ ಗಂಟೆ ಬಿಡಿ, ತುಂಬಾ ಚಂದ ಬರ್ತದೆ, ಕೆಳಗೆ ಹಿಡಿಯೋ ಪ್ರಶ್ನೆಯೇ ಇಲ್ಲ.

ತೊಗರಿಬೇಳೆ ಒಂದು ಗಂಟೆ ನೆನೆಸಿ, ಅರಿಶಿನ ಎರಡು ಹನಿ ಎಣ್ಣೆ ಹಾಕಿ ಎರಡು ಗಂಟೆ. ಹುಣಸೆ, ಮುರುಗಲು, ವಾಟೆಹುಳಿ ಯಾವುದೇ ಇರಲಿ, ಬೇಳೆ ಪೂರ್ತಿ ಬೆಂದ ಮೇಲೇ ಹಾಕಿ, ಹುಳಿ ಸೇರಿದ್ರೆ ಕಾಳು ಮೆತ್ತಗಾಗೋದೇ ಇಲ್ಲ. ಒಗ್ಗರಣೆ ಗ್ಯಾಸ್ ಮೇಲೆ ಕೊನೆಗೆ. ಕಡಲೆ, ಅಳಸಂಡೆ ರಾತ್ರಿ ನೆನೆಸಿ ಮೂರು ಗಂಟೆ, ಮೊಳಕೆ ಬರಿಸಿದ ಹೆಸರುಕಾಳಾದ್ರೆ ಒಂದೂವರೆ. ರಾಜ್ಮಾ ಮಾತ್ರ ಹಸಿಯಾಗಿ ಇಡಬೇಡಿ. ಅದರಲ್ಲಿರೋ ವಿಷದ ಅಂಶ ಹೋಗಬೇಕಂದ್ರೆ ಹತ್ತು ನಿಮಿಷವಾದ್ರೂ ಕೊತಕೊತ ಕುದೀಬೇಕು, ಅರೆಬಿಸಿಯಲ್ಲಿ ಬೆಂದ ರಾಜ್ಮಾ ವಾಂತಿ ಭೇದಿ ಮಾಡಿಸ್ತದೆ. ಗ್ಯಾಸಲ್ಲಿ ಕುದಿಸಿ ಆಮೇಲೆ ಓವನ್ನಿಗೆ ಹಾಕಿ.

ತರಕಾರಿಗೆ ನೀರೇ ಬೇಡ. ಮೊಗೆಕಾಯಿ, ಸಿಹಿಗುಂಬಳ, ಬದನೆ ಹೆಚ್ಚಿ ಉಪ್ಪು ಹಾಕಿ ಮುಚ್ಚಿಟ್ರೆ ತನ್ನ ನೀರಲ್ಲೇ ಒಂದು ಒಂದೂಕಾಲು ಗಂಟೆಗೆ ಬೇಯ್ತದೆ, ರುಚಿ ಒಲೆದಕ್ಕಿಂತ ಗಟ್ಟಿ. ಗೆಣಸು ಸಿಪ್ಪೆ ಸಮೇತ ಹಾಗೇ ಇಟ್ಟು ಎರಡು ಗಂಟೆ ಬಿಡಿ, ಸುಟ್ಟ ಗೆಣಸಿನ ಸಿಹಿ ಬರ್ತದೆ. ಹರಿವೆ ಬಸಳೆ ಬಣ್ಣ ಕಳ್ಕೊಳ್ತದೆ, ಅದು ಒಲೆಗೇ ಇರಲಿ. ರೊಟ್ಟಿ, ದೋಸೆ, ಕರಿಯೋದು ಇದರಲ್ಲಿ ಆಗೋದಿಲ್ಲ. ಹಲಸಿನ ಹಣ್ಣಿನ ಕಡುಬು ಮಾತ್ರ ಬಿಡಬೇಡಿ. ಹಲಸು ಹಣ್ಣಾಗೋ ಏಪ್ರಿಲ್ ಮೇ ತಿಂಗಳಲ್ಲೇ ಪೆಟ್ಟಿಗೆ ಅತಿ ಹೆಚ್ಚು ಕಾಯೋದು, ಬಾಳೆಲೆಯಲ್ಲಿ ಸಣ್ಣ ಸಣ್ಣ ಮಡಿಕೆ ಮಾಡಿ, ಮುಚ್ಚಳದ ಪಾತ್ರೆಗೆ ಅರ್ಧ ಲೋಟ ಬಿಸಿನೀರು ಹಾಕಿ ಮೇಲೆ ಜೋಡಿಸಿಟ್ರೆ ಎರಡೂವರೆ ಗಂಟೆ.

ಮೀನಿಗೆ ನಿಯಮ ಬೇರೆ. ಮೋಡ ಇರೋ ದಿನ ಮೀನು ಇಡಲೇಬೇಡಿ. ತಾರ್ಲೆ, ಬಂಗುಡೆ ಚೊಕ್ಕ ಮಾಡಿ ಐಸಲ್ಲಿಟ್ಟುಕೊಂಡು, ಪೆಟ್ಟಿಗೆ ಚೆನ್ನಾಗಿ ಕಾದ ಮೇಲೆ, ಅಗಲ ಪಾತ್ರೆಯಲ್ಲಿ ಒಂದೇ ಪದರ ಜೋಡಿಸಿ, ರುಬ್ಬಿದ ಮಸಾಲೆಯನ್ನ ಗ್ಯಾಸಲ್ಲಿ ಒಂದು ಕುದಿ ಬರಿಸಿ ಅದನ್ನ ಮೇಲೆ ಹೊಯ್ದು ಇಡಿ. ಒಂದು ಗಂಟೆಗೆ ಮುಳ್ಳಿಂದ ಬಿಟ್ಟುಬರ್ತದೆ, ಮೀನು ಒಡೆಯೋದಿಲ್ಲ, ಅದೇ ಇದರ ಸುಖ. ನಡುವೆ ಮೋಡ ಬಂದು ಅರ್ಧ ಗಂಟೆ ಸರೀದಿದ್ರೆ ಕಾಯ್ತಾ ಕೂರದೇ ಗ್ಯಾಸಿಗೆ ಹಾಕಿ. ಉಗುರುಬೆಚ್ಚಗಿನ ಬಿಸಿಯಲ್ಲಿ ಕ್ರಿಮಿ ಬೆಳೆಯೋದು ಬೇಗ, ಮೀನು ಕೋಳಿ ಮಾತ್ರ ಅಲ್ಲ ಅನ್ನವೂ ಹಾಗೇ, ಬೆಂದದ್ದನ್ನ ಸಂಜೆ ತನಕ ಆರಿದ ಪೆಟ್ಟಿಗೆಯಲ್ಲಿ ಬಿಡಬೇಡಿ.

ಹುರಿಯೋಕೆ ಶೇಂಗಾ, ರವೆ, ಬಿಡಿಸಿದ ಗೋಡಂಬಿ ತಟ್ಟೆಯಲ್ಲಿ ತೆಳುವಾಗಿ ಹರಡಿ, ಮುಚ್ಚದೆ ಇಡಿ, ಒಂದು ಒಂದೂವರೆ ಗಂಟೆ. ಸಿಪ್ಪೆ ಇರೋ ಹಸಿ ಗೇರುಬೀಜ ಯಾವತ್ತೂ ಹಾಕಬೇಡಿ, ಅದರ ಸೊನೆ ಎಣ್ಣೆ ಚರ್ಮ ಸುಡ್ತದೆ, ಟ್ರೇಯೂ ಹಾಳು.

ಇನ್ನು ತವಸಳಿ. ಕಾರವಾರ ಕಡೆ ಮನೆಗಳಲ್ಲಿ ಇದನ್ನ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸ್ತಿದ್ರು, ಸುತ್ತಲಿಂದ ನಿಧಾನ ಬಿಸಿ ಬೇಕು ಅನ್ನೋದಕ್ಕೆ. ಗ್ಯಾಸ್ ಬಂದ ಮೇಲೆ ಕೆಂಡ ಎಲ್ಲಿಂದ ತರೋದು ಅಂತ ಬಹಳ ಮನೆಯಲ್ಲಿ ಬಿಟ್ಟೇಬಿಟ್ಟಿದ್ದಾರೆ. ಈ ಪೆಟ್ಟಿಗೆ ಆ ಕೆಲಸಕ್ಕೇ ಹೇಳಿ ಮಾಡಿಸಿದ್ದು. ಹುರಿದ ಇಡ್ಲಿ ರವೆ ಒಂದು ಲೋಟ, ತುರಿದ ದೊಡ್ಡ ಸೌತೆಕಾಯಿ ಒಂದು ಲೋಟ ಅದರ ನೀರಿನ ಸಮೇತ, ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು, ಕೈತುಂಬ ಗೋಡಂಬಿ. ಬೆಲ್ಲ ಸೌತೆಯನ್ನ ಬಿಸಿ ಮಾಡಿ ಕರಗಿಸಿ ಎಲ್ಲ ಕಲಸಿ ಅರ್ಧ ಗಂಟೆ ಬಿಡಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ತುಪ್ಪ ಸವರಿದ ಕಪ್ಪು ಪಾತ್ರೆಗೆ ಬಾಳೆಲೆ ಹಾಸಿ ಎರಡು ಬೆರಳು ಎತ್ತರಕ್ಕೆ ಮಾತ್ರ ಹೊಯ್ಯಿರಿ. 11 ಗಂಟೆಗೆ ಇಟ್ರೆ ಮಧ್ಯಾಹ್ನ ಎರಡೂವರೆ ಗಂಟೆಗೆ ಅಂಚು ಬಿಟ್ಕೊಂಡಿರ್ತದೆ, ಕಡ್ಡಿ ಚುಚ್ಚಿದ್ರೆ ಅಂಟಬಾರದು. ಮೇಲೆ ಬಣ್ಣ ಬರಬೇಕಂದ್ರೆ ಕೊನೇ ಅರ್ಧ ಗಂಟೆ ಪಾತ್ರೆಯ ಮುಚ್ಚಳ ತೆಗೆದಿಡಿ. ಆರಿದ ಮೇಲೆ ಕತ್ತರಿಸಿ, ಬಿಸಿಯಲ್ಲಿ ಕತ್ತರಿಸಿದ್ರೆ ಪುಡಿಯಾಗ್ತದೆ.

ಮಳೆಗಾಲಕ್ಕೆ ಎತ್ತಿಡೋದು

ಮೇ ಕೊನೆಗೆ, ಮೊದಲ ದೊಡ್ಡ ಮಳೆ ಬೀಳೋ ಮೊದಲೇ ಒಂದು ಒಳ್ಳೆ ಬಿಸಿಲಿನ ದಿನ ನೋಡಿ ಪೆಟ್ಟಿಗೆಯನ್ನ ಖಾಲಿ ಕಾಯಿಸಿ, ಇನ್ನೂ ಬೆಚ್ಚಗಿರೋವಾಗಲೇ ಒಳಗೆ ಇದ್ದಿಲು ತುಂಬಿದ ಬಟ್ಟೆ ಚೀಲ ಇಟ್ಟು ಮುಚ್ಚಿ, ಪ್ಲಾಸ್ಟಿಕ್ ಸುತ್ತಿ ಅಡುಗೆಮನೆ ಅಟ್ಟಕ್ಕೆ ಏರಿಸಿ. ಒಲೆ ಬಿಸಿ ತಾಗೋ ಜಾಗ ಆದ್ರೆ ಇನ್ನೂ ಒಳ್ಳೆಯದು. ನೆಲದ ಮೇಲೆ, ಕೊಟ್ಟಿಗೆಯಲ್ಲಿ ಬೇಡ, ಪ್ಲೈವುಡ್ ಕೆಳಗಿಂದ ಪಸೆ ಎಳ್ಕೊಳ್ತದೆ. ಕನ್ನಡಿ ಹಿಂಬದಿಯ ಲೇಪ ಅಂಚಿಂದ ಕಪ್ಪಾಗೋಕೆ ಶುರುವಾಗಿದ್ರೆ ಅಂಚಿಗೆ ಸಿಲಿಕೋನ್ ಎಳೆದಿಡಿ.

ದಸರಾ ಹೊತ್ತಿಗೆ ಇಳಿಸಿದಾಗ ಮೂಸಿ ನೋಡಿ. ಬೂಸ್ಟು ವಾಸನೆ ಬಂದ್ರೆ ಉಮಿಗೆ ಪಸೆ ಸೇರಿದೆ ಅಂತ, ಮೇಲಿನ ಪಟ್ಟಿ ಬಿಚ್ಚಿ ಹೊಸ ಉಮಿ ಒಣಗಿಸಿ ತುಂಬಿ. ವಾಸನೆ ಇಲ್ಲಾಂದ್ರೆ ಸ್ಕ್ರೂ ಬಿಗಿ ಮಾಡಿ, ಬೀಡಿಂಗ್ ನೋಡಿ, ಬಣ್ಣ ಎದ್ದಲ್ಲಿ ಮತ್ತೆ ಹಚ್ಚಿ, ಎರಡು ದಿನ ಖಾಲಿ ಕಾಯಿಸಿ, ಮೂರನೇ ದಿನ ಒಂದು ಲೀಟರ್ ನೀರಿಟ್ಟು ಪರೀಕ್ಷೆ ಮಾಡಿ. ಹನ್ನೊಂದೂವರೆಗೆ ಇಟ್ಟಿದ್ದು ಮಧ್ಯಾಹ್ನ ಒಂದು ಗಂಟೆ ಒಳಗೆ ಕೈ ಸುಡುವಷ್ಟು ಕಾದು ಪಾತ್ರೆ ತಳದಿಂದ ಸಣ್ಣ ಗುಳ್ಳೆ ಏಳ್ತಿದ್ರೆ ಮರುದಿನಕ್ಕೆ ಅಕ್ಕಿ ನೆನೆಸಬಹುದು.